ಉಪ್ಪಿನಲ್ಲಿಟ್ಟ ಎಣ್ಣೆ

2022ರ ಜೂನ್. ಹ್ಯೂಸ್ಟನ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೇ ಕಾರಿನ ಸೀಟು ಸುಡುತ್ತಿತ್ತು. ಮನೆ ಹತ್ತಿರದ ಬಂಕಿನ ಬೋರ್ಡಿನಲ್ಲಿ 4.69 ಡಾಲರ್. ಅದರ ಪಕ್ಕದಲ್ಲಿ, ಕಂಡರೆ ಕಂಡೀತು ಅನ್ನುವಷ್ಟು ಸಣ್ಣದಾಗಿ, 9/10. ಅಂದರೆ ಗ್ಯಾಲನ್‌ಗೆ 4.70, ಆದರೆ ಹಾಗೆ ಬರೆಯಲ್ಲ. ನಮ್ಮ ಬಾಟಾ ಚಪ್ಪಲಿ ಬೆಲೆಯ ಹಾಗೆ. ಇಲ್ಲಿ ಹಾಕಿಕೊಡುವ ಹುಡುಗರೂ ಇಲ್ಲ, ಕಾರ್ಡ್ ತೂರಿಸಿ, ಪಿನ್‌ಕೋಡ್ ಒತ್ತಿ, ನಾವೇ ಪೈಪ್ ಹಿಡಿದು ನಿಲ್ಲಬೇಕು. ಆ ಪಂಪಿನ ಮೇಲೆ ಯಾರೋ ಆಗಿನ ಅಧ್ಯಕ್ಷ ಬೈಡನ್ ಚಿತ್ರದ ಸ್ಟಿಕ್ಕರ್ ಅಂಟಿಸಿದ್ದರು. ಬೆರಳು ಬೆಲೆಯ ಕಡೆಗೆ, ಕೆಳಗೆ ‘ಇದು ನನ್ನದೇ ಕೆಲಸ’ ಅಂತ ಬರಹ. ಆ ದಿನಗಳಲ್ಲಿ ಇಂಥ ಸ್ಟಿಕ್ಕರ್ ಊರೆಲ್ಲಾ ಇತ್ತು. 15 ಗ್ಯಾಲನ್ ಹಾಕಿದ್ದಕ್ಕೆ 70 ಡಾಲರ್ ದಾಟಿತು. ಹಿಂದಿನ ವರ್ಷ ಜನವರಿಯಲ್ಲಿ ಇದೇ ಟ್ಯಾಂಕ್ 30 ಚಿಲ್ಲರೆಗೆ ತುಂಬಿತ್ತು.

ಅದೇ ವಾರ ಇಡೀ ಅಮೆರಿಕದ ಸರಾಸರಿ ಬೆಲೆ ಮೊದಲ ಸಲ 5 ಡಾಲರ್ ದಾಟಿತು. ಟೆಕ್ಸಸ್‌ನಲ್ಲಿ ಸ್ವಲ್ಪ ಅಗ್ಗ, ಎಣ್ಣೆ ಶುದ್ಧ ಮಾಡುವ ರಿಫೈನರಿಗಳೆಲ್ಲ ಇಲ್ಲೇ ಪಕ್ಕದಲ್ಲಿವೆ.

ರಾತ್ರಿ ಅಪ್ಪನ ಫೋನು. ನಮ್ಮ ಮನೆ ಇರುವುದು ಉಡುಪಿ ಜಿಲ್ಲೆಯಲ್ಲಿ, ಕಾಪುವಿನಿಂದ ಒಳಗೆ, ಪಾದೂರಿನ ಹತ್ತಿರ. "ಎಂತ ಮಾರಾಯ, ನಿಮ್ಮ ಸರಕಾರ ಅಡಗಿಸಿಟ್ಟ ಎಣ್ಣೆ ಎಲ್ಲ ಹೊರಗೆ ತೆಗೆಯುತ್ತಾ ಉಂಟಂತೆ. ನಿನಗಿನ್ನು ಪುಕ್ಕಟೆಯಾ?" ನಾನು ಬೆಲೆ ಹೇಳಿದೆ. ಅಪ್ಪ ಬ್ಯಾಂಕಿನಲ್ಲಿದ್ದವರು, ಗ್ಯಾಲನ್ನು ಲೀಟರಿಗೆ, ಡಾಲರ್ ರೂಪಾಯಿಗೆ ಬಾಯಲ್ಲೇ ತಿರುಗಿಸಿದರು. "ಲೀಟರಿಗೆ 97 ಆಯ್ತು. ಇಲ್ಲಿ ನೂರರ ಮೇಲೆ. ನಿನಗೆ ಎಂತದು ಗೋಳು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗಲ್ಲ ಅಂದೆ, ಅದೂ ಅವರಿಗೆ ಅಷ್ಟು ನಾಟಲಿಲ್ಲ.

ಅಪ್ಪ ಹೇಳಿದ ಆ ಅಡಗಿಸಿಟ್ಟ ಎಣ್ಣೆ, ಅಂದರೆ ಅಮೆರಿಕ ಸರಕಾರದ ತುರ್ತು ಸಂಗ್ರಹ, ನಮ್ಮ ಹ್ಯೂಸ್ಟನ್ ಮನೆಯಿಂದ ಸುಮಾರು ಒಂದು ಗಂಟೆ ದಾರಿ. ಫ್ರೀಪೋರ್ಟ್ ಅಂತ ಸಮುದ್ರ ದಡದ ಊರು, ಅದರ ಅಂಚಿನಲ್ಲಿ ಬ್ರಯಾನ್ ಮೌಂಡ್. ಅಲ್ಲಿ ನೆಲದಡಿ ಉಪ್ಪಿನ ಗುಡ್ಡವೇ ಇದೆ. ಅದಕ್ಕೆ ತೂತು ಕೊರೆದು ಸಿಹಿನೀರು ಬಿಡುತ್ತಾರೆ, ಉಪ್ಪು ಕರಗುತ್ತದೆ, ಉಪ್ಪುನೀರನ್ನು ಹೊರಗೆ ಎಳೆಯುತ್ತಾರೆ, ಉಳಿದ ಪೊಳ್ಳು ಜಾಗದಲ್ಲಿ ಕಚ್ಚಾ ಎಣ್ಣೆ. ಒಂದೊಂದು ಗುಹೆ 200 ಅಡಿ ಅಗಲ, 2,500 ಅಡಿ ಎತ್ತರ. ಜೋಗ ಜಲಪಾತವನ್ನು ಒಂದರ ಮೇಲೊಂದು ಮೂರು ಸಲ ನಿಲ್ಲಿಸಿದಷ್ಟು! ಇಂಥವು ಟೆಕ್ಸಸ್ ಮತ್ತು ಲೂಸಿಯಾನಾದ ನಾಲ್ಕು ಜಾಗಗಳಲ್ಲಿ ಒಟ್ಟು 60. ಎಲ್ಲ ತುಂಬಿದರೆ 71 ಕೋಟಿ ಬ್ಯಾರೆಲ್. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡಲ್ಲ ಅಂದಾಗ ಇಲ್ಲಿ ಬಂಕುಗಳ ಮುಂದೆ ಮೈಲಿಗಟ್ಟಲೆ ಸಾಲು ನಿಂತಿತ್ತಲ್ಲ, ಆ ಹೆದರಿಕೆಯಲ್ಲಿ ಕಾನೂನು ಮಾಡಿ 1977ರಿಂದ ತುಂಬಲು ಶುರು ಮಾಡಿದ್ದು. ತೆಗೆಯುವುದೂ ನೀರಿನಿಂದಲೇ. ತಳಕ್ಕೆ ನೀರು ನುಗ್ಗಿಸಿದರೆ ಎಣ್ಣೆ ತಾನೇ ಮೇಲೆ ತೇಲಿ ಬರುತ್ತದೆ. ಆದರೆ ಪ್ರತಿ ಸಲ ಆ ನೀರು ಗೋಡೆಯ ಉಪ್ಪನ್ನೂ ಕರಗಿಸುತ್ತದೆ, ಗುಹೆ ಅಗಲವಾಗುತ್ತಾ ಹೋಗುತ್ತದೆ. ಹಾಗಾಗಿ ಒಂದು ಗುಹೆಯನ್ನು ಪೂರ್ತಿ ಖಾಲಿ ಮಾಡಿ ತುಂಬುವುದು ಸುಮಾರು ಐದು ಸಲ ಅಂತ ಲೆಕ್ಕ ಹಾಕಿಯೇ ಕಟ್ಟಿದ್ದಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಉಪ್ಪುಸೊಳೆ ಭರಣಿ. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಲಸಿನ ಸೊಳೆ ಬಿಡಿಸಿ, ಉಪ್ಪು ಹಾಕಿ ಒತ್ತಿ ತುಂಬಿ, ಮೇಲೊಂದು ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಕತ್ತಲೆ ಮೂಲೆಗೆ ತಳ್ಳಿದರೆ ತೆರೆಯುವುದು ಆಟಿಯಲ್ಲಿ, ಜೋರು ಮಳೆಯ ತಿಂಗಳಲ್ಲಿ. ಒಂದು ವರ್ಷ ಮಳೆಗೆ ಮೊದಲೇ ತರಕಾರಿ ಬೆಲೆ ಜೋರಾಗಿ ಏರಿತ್ತು, ಅಮ್ಮ ಭರಣಿ ತೆಗೆಯೋಣವಾ ಅಂದರು. ಅಜ್ಜಿ ಕೈ ಅಡ್ಡ ಹಿಡಿದಿದ್ದರು. "ಪೇಟೆಗೆ ದಾರಿ ಉಂಟಲ್ಲ. ಹೊಳೆ ಬಂದು ದಾರಿ ಮುಚ್ಚಲಿ, ಆಮೇಲೆ ನೋಡುವ."

ಗುಹೆಯ ಎಣ್ಣೆಯ ಇಡೀ ಜಗಳ ಇರುವುದೂ ಇಲ್ಲೇ. ಸಿಗದೇ ಹೋದಾಗ ತೆರೆಯಬೇಕೋ, ದುಬಾರಿ ಆದಾಗ ತೆರೆಯಬೇಕೋ?

2021ರ ನವೆಂಬರ್ 23ರಂದು ಬೈಡನ್ 5 ಕೋಟಿ ಬ್ಯಾರೆಲ್ ಬಿಡುತ್ತೇವೆ ಅಂದಾಗ ಯುದ್ಧ ಇರಲಿಲ್ಲ, ಸಾಲು ಇರಲಿಲ್ಲ, ಬಂಕಿನಲ್ಲಿ ಎಣ್ಣೆ ಧಾರಾಳವಾಗಿತ್ತು. ಬೆಲೆ ಏರಿತ್ತು, ಅಷ್ಟೇ. ಅದರಲ್ಲೂ 3.2 ಕೋಟಿ ಬರೀ ಕಡ. ರಿಫೈನರಿಯವರು ತೆಗೆದುಕೊಂಡು, ಆಮೇಲೆ ಸ್ವಲ್ಪ ಜಾಸ್ತಿ ಸೇರಿಸಿ ಎಣ್ಣೆಯನ್ನೇ ವಾಪಸ್ ಕೊಡಬೇಕು, ಪಕ್ಕದ ಮನೆಗೆ ಅಕ್ಕಿ ಕೊಟ್ಟ ಹಾಗೆ. ಇದನ್ನು ಅಜ್ಜಿ ಒಪ್ಪುತ್ತಿರಲಿಲ್ಲ, ನಾನೂ ಒಪ್ಪಲ್ಲ. 2022ರ ಮಾರ್ಚ್ 31ರ ಮಾತು ಬೇರೆ. ಅಷ್ಟರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತ್ತು, ರಷ್ಯಾದ ಎಣ್ಣೆ ಎಷ್ಟು ಕೈತಪ್ಪುತ್ತದೆ ಅಂತ ಯಾರಿಗೂ ಅಂದಾಜು ಇರಲಿಲ್ಲ. ಆಗ ದಿನಕ್ಕೆ 10 ಲಕ್ಷ ಬ್ಯಾರೆಲ್‌ನಂತೆ ಆರು ತಿಂಗಳು, ಒಟ್ಟು 18 ಕೋಟಿ ಅಂದರು. ಹೊಳೆ ನಿಜವಾಗಿ ಬಂದಿತ್ತು ಅನ್ನಿ. ನವೆಂಬರ್‌ನಲ್ಲಿ ಚುನಾವಣೆಯೂ ಬರುವುದಿತ್ತು, ಅದನ್ನೂ ಮರೆಯಬಾರದು.

ಪ್ರಯೋಜನ ಎಷ್ಟಾಯಿತು? ಇಲ್ಲಿನ ಹಣಕಾಸು ಇಲಾಖೆಯ ಅಂದಾಜಿನಲ್ಲಿ, ಬೇರೆ ದೇಶಗಳು ಬಿಟ್ಟದ್ದೂ ಸೇರಿ, ಗ್ಯಾಲನ್‌ಗೆ 17ರಿಂದ 42 ಸೆಂಟ್ ಇಳಿಕೆ. ನನ್ನ ಟ್ಯಾಂಕಿಗೆ ಹೆಚ್ಚೆಂದರೆ ಆರು ಡಾಲರ್. ಹ್ಯೂಸ್ಟನ್‌ನಲ್ಲಿ ಆ ದುಡ್ಡಿಗೆ ಅರ್ಧ ಮಸಾಲೆ ದೋಸೆ ಬರುತ್ತದೆ, ಚಟ್ನಿ ಇಲ್ಲದೆ. ಆಗೋದೇ ಅಷ್ಟು. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಸುಡುತ್ತದೆ, ಇವರು ಸುರಿದದ್ದು ಅದರ ನೂರರಲ್ಲಿ ಒಂದು ಪಾಲು. ಮೇಲಾಗಿ ಗುಹೆಯಿಂದ ಬರುವುದು ಕಚ್ಚಾ ಎಣ್ಣೆ, ಪೆಟ್ರೋಲ್ ಅಲ್ಲ. ಕೊರೋನಾ ಹೊತ್ತಿನಲ್ಲಿ ಎಷ್ಟೋ ರಿಫೈನರಿ ಮುಚ್ಚಿದ್ದವು, ಇದ್ದವು ಪೂರ್ತಿ ದುಡಿಯುತ್ತಿದ್ದವು. ಅಕ್ಕಿ ಎಷ್ಟಿದ್ದರೇನು, ರುಬ್ಬುವ ಕಲ್ಲು ಒಂದೇ ಅಲ್ವಾ? ಜೊತೆಗೆ ಹರಾಜಿನಲ್ಲಿ ಕೊಂಡವರು ಎಲ್ಲಿ ಬೇಕಾದರೂ ಮಾರಬಹುದು, ಒಂದಿಷ್ಟು ಹಡಗು ಯುರೋಪಿಗೂ ಏಷ್ಯಾಕ್ಕೂ ಹೋದವು.

"ನಮ್ಮಲ್ಲೂ ಉಂಟಲ್ಲ, ಇದನ್ನು ಯಾಕೆ ತೆರೆಯುವುದಿಲ್ಲ?" ಅಂತ ಅಪ್ಪ ಇನ್ನೊಂದು ದಿನ ಕೇಳಿದರು. ಕೇಳುವ ಹಕ್ಕು ಅವರಿಗಿದೆ, ಪಾದೂರಿನ ನೆಲದಡಿಯೇ ದೇಶದ ಅತಿ ದೊಡ್ಡ ತುರ್ತು ಸಂಗ್ರಹ ಇರುವುದು. ಅಲ್ಲಿ ಉಪ್ಪಲ್ಲ, ಗಟ್ಟಿ ಬಂಡೆ ಕೊರೆದ ಗುಹೆ, 25 ಲಕ್ಷ ಟನ್ ಹಿಡಿಯುತ್ತದೆ. ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನ. ಅಮೆರಿಕ ಆರು ತಿಂಗಳಲ್ಲಿ ಮಾರಿದ್ದು ನಮ್ಮ ಒಟ್ಟು ಜಾಗದ ನಾಲ್ಕು ಪಟ್ಟಿಗೂ ಜಾಸ್ತಿ. 2021ರ ನವೆಂಬರ್‌ನಲ್ಲಿ ಭಾರತವೂ 50 ಲಕ್ಷ ಬ್ಯಾರೆಲ್ ಬಿಡುತ್ತೇವೆ ಅಂದಿತ್ತು. ಊರಿನ ಬಂಕಿನಲ್ಲಿ ಯಾರಿಗಾದರೂ ಗೊತ್ತಾಯಿತಾ? ಅಪ್ಪನಿಗೆ ನೆನಪಿದ್ದದ್ದು ಅದೇ ತಿಂಗಳ ದೀಪಾವಳಿ. ಕೇಂದ್ರ ಪೆಟ್ರೋಲಿನ ಮೇಲೆ 5 ರೂಪಾಯಿ ತೆರಿಗೆ ಇಳಿಸಿತು, ರಾಜ್ಯ 7 ರೂಪಾಯಿ ಇಳಿಸಿತು. ನಮ್ಮಲ್ಲಿ ಬೆಲೆಯ ಕೀಲಿ ತೆರಿಗೆಯಲ್ಲಿದೆ, ಬಂಡೆಯೊಳಗೆ ಇಲ್ಲ. ಬೈಡನ್ ಕೂಡ ಆ ಜೂನ್‌ನಲ್ಲಿ ಗ್ಯಾಲನ್‌ಗೆ 18.4 ಸೆಂಟ್ ಇರುವ ಕೇಂದ್ರ ತೆರಿಗೆಯನ್ನು ಮೂರು ತಿಂಗಳು ಬಿಡೋಣ ಅಂದರು. ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ.

2023ರ ಜುಲೈ ಹೊತ್ತಿಗೆ ಅಮೆರಿಕದ ಗುಹೆಗಳಲ್ಲಿ ಉಳಿದದ್ದು ಸುಮಾರು 35 ಕೋಟಿ ಬ್ಯಾರೆಲ್. 1983ರ ನಂತರ ಅಷ್ಟು ಕೆಳಗೆ ಹೋಗಿರಲಿಲ್ಲ. ಬ್ಯಾರೆಲ್‌ಗೆ ಸರಾಸರಿ 95 ಡಾಲರಿನಂತೆ ಮಾರಿ, ಆಮೇಲೆ 80ರ ಒಳಗೆ ಸ್ವಲ್ಪ ಸ್ವಲ್ಪವೇ ಕೊಂಡರು. ವ್ಯಾಪಾರ ಅಂತ ನೋಡಿದರೆ ಲಾಭವೇ. ಆದರೆ ಭರಣಿ ಇಟ್ಟದ್ದು ವ್ಯಾಪಾರಕ್ಕಲ್ಲವಲ್ಲ.

ಆ ಬೇಸಿಗೆಯ ಒಂದು ಶನಿವಾರ ಮಗನನ್ನು ಸರ್ಫ್‌ಸೈಡ್ ಬೀಚಿಗೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಫ್ರೀಪೋರ್ಟ್. ಸುಮ್ನೆ ನೋಡೋಣ ಅಂತ ಆ ಕಡೆ ಕಾರು ತಿರುಗಿಸಿದೆ. ತಂತಿಬೇಲಿ, ದಪ್ಪ ಪೈಪುಗಳು, ಒಳಗೆ ಬರಬೇಡಿ ಅನ್ನುವ ಬೋರ್ಡು, ಬೇಲಿ ಮೇಲೆ ಒಂದು ಬೆಳ್ಳಕ್ಕಿ. ಇಷ್ಟೇ. "ಎಣ್ಣೆ ಎಲ್ಲಿದೆ ಅಪ್ಪಾ?" ಅಂದ ಮಗ. ಕಾಲ ಕೆಳಗೆ ಅಂದೆ. ಅವನು ಸೀಟಿನಡಿ ಬಗ್ಗಿ ನೋಡಿದ. ವಾಪಸ್ ಬರುವಾಗ ಆ ಊರಿನ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಕೊಂಡೆ. ನಮ್ಮ ಮನೆ ಹತ್ತಿರಕ್ಕಿಂತ ಎರಡು ಸೆಂಟ್ ಜಾಸ್ತಿ.