ಖಾಲಿ ಬಿಲ್ಲು, ಗೋವಾ ಬಾಟ್ಲಿ, ಎಂಟನೇ ಕಟ್ಟಳೆ

ಕಾರವಾರ ಮಾರ್ಕೆಟ್ ಹತ್ರ ನಮ್ದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ದೊಡ್ಡದೇನಲ್ಲ, ವೈರು ಸ್ವಿಚ್ಚು ಎಲ್‌ಇಡಿ ಬಲ್ಬು ಇಂಥದ್ದು, ಮಳೆಗಾಲ ಶುರುವಾದ್ರೆ ಎಮರ್ಜೆನ್ಸಿ ಲೈಟು ಜಾಸ್ತಿ ಹೋಗತ್ತೆ, ಯಾಕೆ ಅಂತ ನಮ್ಮ ಕಡೆಯವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಇಂಥ ಅಂಗಡಿಲಿ ಕೂತವನಿಗೆ ಸತ್ಯ ಸುಳ್ಳಿನ ಪರೀಕ್ಷೆ ಬರೋದು ಬಿಲ್ ಪುಸ್ತಕದಲ್ಲಿ. ಏಳ್ನೂರು ರೂಪಾಯಿ ಸಾಮಾನು ತಗೋತಾರೆ, ದುಡ್ಡು ಕೊಡ್ತಾರೆ, ಆಮೇಲೆ ಕೌಂಟರ್ ಮೇಲೆ ಸ್ವಲ್ಪ ಬಾಗಿ ದನಿ ಇಳಿಸಿ "ಒಂದು ಖಾಲಿ ಬಿಲ್ ಕೊಡಿ ಅಣ್ಣಾ, ಸೀಲು ಸೈನು ಇದ್ರೆ ಸಾಕು, ಅಮೌಂಟು ನಾವೇ ಬರ್ಕೋತೀವಿ" ಅಂತಾರೆ. ಕೆಲವ್ರಿಗೆ ಅಷ್ಟು ನಾಚಿಕೆನೂ ಇಲ್ಲ, ಸೀದಾ "ಹನ್ನೆರಡ್ನೂರು ಹಾಕಿ" ಅಂತಾರೆ. ನಾನು ಏಳ್ನೂರೇ ಬರೀತೀನಿ, ಅಕ್ಷರದಲ್ಲೂ ಬರೀತೀನಿ, ಅಂಕಿಯ ಹಿಂದೆ ಮುಂದೆ ಗೀಟೂ ಎಳೀತೀನಿ, ಯಾಕಂದ್ರೆ 700ರ ಹಿಂದೆ ಒಂದು ಕಡ್ಡಿ ಎಳೆದು 1700 ಮಾಡೋದು ಯಾರಿಗೂ ಕಷ್ಟದ ಕೆಲಸ ಅಲ್ಲ.

ಒಬ್ರು ಕೇಳಿದ್ರು, "ಅಲ್ಲ ಮಾರಾಯ್ರೆ, ಇದ್ರಲ್ಲಿ ನಿಮಗೇನು ಲಾಸು?" ಲಾಸ್ ಇಲ್ಲ, ನಿಜ ಹೇಳ್ಬೇಕಂದ್ರೆ ಲಾಭನೇ, ಖಾಲಿ ಬಿಲ್ ಕೊಡೋ ಅಂಗಡಿಗೆ ಗಿರಾಕಿ ತಾನಾಗೇ ಹುಡುಕ್ಕೊಂಡು ಬರ್ತಾರೆ. ಆದ್ರೆ ಆ ಮೇಲಿನ ಐನೂರು ಎಲ್ಲಿಂದ ಬಂತು? ಯಾವ್ದೋ ಸಂಘದ ಖಾತೆಯಿಂದ, ಯಾವ್ದೋ ಆಫೀಸಿನ ರಿಪೇರಿ ಫಂಡಿಂದ, ಕೊನೆಗೆ ನೋಡಿದ್ರೆ ತಿಂಗಳು ತಿಂಗಳು ವರ್ಗಣಿ ಕಟ್ಟೋ ಯಾರದ್ದೋ ಜೇಬಿಂದ. ನನ್ನ ಸೈನಿಲ್ಲದೆ ಅದು ಬರ್ತಿರ್ಲಿಲ್ಲ. "ನೀವು ಕ್ರಿಶ್ಚಿಯನ್ರು ಭಾರೀ ಪ್ರಾಮಾಣಿಕರಪ್ಪ" ಅಂತ ಆ ಮನುಷ್ಯ ನಗ್ತಾ ಹೋದ, ಅದು ಹೊಗಳಿಕೆ ಅಲ್ಲ ಅಂತ ಇಬ್ರಿಗೂ ಗೊತ್ತು, ನನಗೂ ನಗು ಬಂತು, ಯಾಕಂದ್ರೆ ಖಾಲಿ ಬಿಲ್ ಹರಿದು ಕೊಡೋ ನಮ್ಮವ್ರೂ ಇದಾರೆ, ಭಾನುವಾರ ಮುಂದಿನ ಬೆಂಚಲ್ಲೇ ಕೂತ್ಕೋತಾರೆ.

ಸಣ್ಣವರಿದ್ದಾಗ ಕ್ಯಾಟೆಕಿಸಂ ಕ್ಲಾಸಲ್ಲಿ, ಅಂದ್ರೆ ಚರ್ಚಿನ ಧರ್ಮಪಾಠದಲ್ಲಿ, ದೇವರ ಹತ್ತು ಕಟ್ಟಳೆಗಳನ್ನ ಮಗ್ಗಿ ಥರ ಬಾಯಿಪಾಠ ಮಾಡಿಸಿದ್ರು. ಏಳನೇದು ಕದೀಬಾರದು, ಎಂಟನೇದು ಸುಳ್ಳು ಸಾಕ್ಷಿ ಹೇಳಬಾರದು (ಪ್ರೊಟೆಸ್ಟೆಂಟ್ ಗೆಳೆಯರ ಲೆಕ್ಕದಲ್ಲಿ ಇವು ಎಂಟು ಮತ್ತೆ ಒಂಬತ್ತು, ಆಜ್ಞೆ ಅದೇ, ನಂಬರ್ ಬೇರೆ). ಒಂದೇ ಒಂದು ಖಾಲಿ ಬಿಲ್ಲಲ್ಲಿ ಎರಡೂ ಮುರಿಯತ್ತೆ ಅಂತ ಆಗ ಯಾರೂ ಹೇಳಿರ್ಲಿಲ್ಲ. ಸುಳ್ಳು ಅಂದ್ರೆ ನಮಗೆ ಬಾಯಲ್ಲಿ ಹೇಳೋದು ಅಷ್ಟೇ. ಈಸ್ಟರ್ ಮುಂಚೆ ಕುಮ್ಸಾರಿಗೆ (ಫಾದರ್ ಹತ್ರ ಪಾಪ ಒಪ್ಪಿಕೊಳ್ಳೋಕೆ) ಉದ್ದ ಲೈನಲ್ಲಿ ನಿಂತು, "ಸುಳ್ಳು ಹೇಳಿದೀನಿ ಫಾದರ್" ಅಂತ ಒಂದೇ ವಾಕ್ಯದಲ್ಲಿ ಮುಗಿಸಿ, ಅವ್ರು ಹೇಳಿದ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಿ ಹೊರಗೆ ಬಂದ್ರೆ ಲೆಕ್ಕ ಚುಕ್ತಾ ಅನ್ನೋ ಭಾವನೆ.

ಚುಕ್ತಾ ಆಗಲ್ಲ. ನನ್ನ ಪ್ರಕಾರ ನಾವು ಜಾಣತನದಿಂದ ಮರೆತಿರೋ ಪಾಠ ಇದು. 1992ರಲ್ಲಿ ಬಂತಲ್ಲ, ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ ಅನ್ನೋ ಅಧಿಕೃತ ಬೋಧನೆಯ ಪುಸ್ತಕ, ಅದರ 1459ನೇ ಪ್ಯಾರಾ ತೆಗೆದು ನೋಡಿ, ಕದ್ದದ್ದನ್ನ ವಾಪಸ್ ಕೊಡ್ಬೇಕು, ಹಾಳು ಮಾಡಿದ ಹೆಸರನ್ನ ಸರಿ ಮಾಡ್ಬೇಕು, ಪೆಟ್ಟು ಮಾಡಿದ್ರೆ ಪರಿಹಾರ ಕೊಡ್ಬೇಕು ಅಂತ ಸ್ಪಷ್ಟ ಇದೆ. ಕ್ಷಮೆ ಸಿಕ್ಕಿದ ಮೇಲೂ ಈ ಜವಾಬ್ದಾರಿ ಹೋಗಲ್ಲ ಅಂತ 2487ರಲ್ಲಿ ಮತ್ತೊಮ್ಮೆ ಹೇಳಿದಾರೆ. ಬೈಬಲ್ಲಲ್ಲಿ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನ ಕಥೆಲಿ ನಮಗೆಲ್ಲ ನೆನಪಿರೋದು ಕುಳ್ಳಗಿದ್ದವನು ಮರ ಹತ್ತಿದ್ದು, ಮಕ್ಕಳ ಕೈಲಿ ಡ್ರಾಮಾ ಮಾಡ್ಸೋದೂ ಅಷ್ಟೇ. ಸುಂಕದವರ ಮುಖ್ಯಸ್ಥ ಅವನು, ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ರೆ ಅದರ ನಾಲ್ಕು ಪಟ್ಟು ವಾಪಸ್ ಅಂತ ಎಲ್ಲರೆದುರು ನಿಂತು ಹೇಳ್ತಾನೆ. ಯೇಸುಸ್ವಾಮಿ ಈ ಮನೆಗೆ ರಕ್ಷಣೆ ಬಂತು ಅನ್ನೋದು ಆ ಮಾತಾದ ಮೇಲೆ. ಯಾರಿಂದ ತಗೊಂಡಿದ್ದು ಅಂತಾನೇ ಗೊತ್ತಿಲ್ಲದಿದ್ರೆ, ಅಥವಾ ಅವ್ರು ಸಿಗದೇ ಹೋದ್ರೆ, ಅಷ್ಟು ದುಡ್ಡು ಬಡವರಿಗೆ ಕೊಡಿ ಅನ್ನೋದು ಹಳೇ ಬೋಧನೆ. ಅಂದ್ರೆ "ಯಾರಿಗೆ ಕೊಡ್ಲಿ ಗೊತ್ತಾಗ್ಲಿಲ್ಲ" ಅನ್ನೋ ದಾರಿನೂ ಮುಚ್ಚಿಬಿಟ್ಟಿದಾರೆ.

ಇನ್ನು ಗೋವಾ ಬಾಟ್ಲಿ ವಿಷಯ. ಇದನ್ನ ಬರೆದ್ರೆ ನನ್ನ ಸಂಬಂಧಿಕರಲ್ಲಿ ಅರ್ಧ ಜನ ಮಾತು ಬಿಡ್ತಾರೆ, ಇರ್ಲಿ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಅದಾದ ಮೇಲೆ ಪೊಳೆಂ, ಅಲ್ಲಿಂದ ಗೋವಾ, ಮದ್ಯದ ರೇಟು ನಮ್ಮಲ್ಲಿಗಿಂತ ಎಷ್ಟೋ ಕಡಿಮೆ. ಮದುವೆ ಮನೆ ಅಂದ್ಮೇಲೆ ಡಿಕ್ಕಿಲಿ ಬಟ್ಟೆ ಬ್ಯಾಗಿನ ಅಡಿಗೆ ಬಾಟ್ಲಿ ಇಟ್ಟು, ಮಾಜಾಳಿ ಚೆಕ್‌ಪೋಸ್ಟಲ್ಲಿ ಕಿಟಕಿ ಇಳಿಸಿ "ಏನಿಲ್ಲ ಸಾರ್, ಚರ್ಚ್ ಫೆಸ್ತಿಗೆ ಹೋಗಿದ್ವಿ" ಅಂತ ನಗೋದು ನಮ್ಮಲ್ಲಿ ಒಂದು ಕಲೆ ಥರ ಆಗ್ಬಿಟ್ಟಿದೆ, ಹಿಂದಿನ ಸೀಟಲ್ಲಿ ಅಜ್ಜಿ ಕೈಲಿ ಜಪಮಣಿ ಬೇರೆ. ಇದೂ ತೆರಿಗೆ ತಪ್ಪಿಸೋದೇ, ಚಕ್ರವರ್ತಿಯದ್ದು ಚಕ್ರವರ್ತಿಗೆ ಕೊಡಿ ಅಂತ ಸ್ವಾಮಿ ಹೇಳಿದ್ದು ತೆರಿಗೆ ಬಗ್ಗೆ ಕೇಳಿದಾಗಲೇ. ತೆರಿಗೆ ಕಟ್ಟೋದು ನೈತಿಕ ಕರ್ತವ್ಯ ಅಂತ ಕ್ಯಾಟೆಕಿಸಂನಲ್ಲೂ ಇದೆ, ವೋಟ್ ಹಾಕೋದರ ಜೊತೆಗೇ ಸೇರಿಸಿ ಬರೆದಿದಾರೆ. ಇದು ಖಾಲಿ ಬಿಲ್ಲಿನಷ್ಟು ದೊಡ್ಡದು ಅಂತ ನಾನು ಹೇಳಲ್ಲ, ಆದ್ರೆ "ಎಲ್ರೂ ತರ್ತಾರೆ" ಅನ್ನೋದು ಉತ್ತರ ಅಲ್ಲ. ನಾನು ತರಲ್ಲ. ನನ್ನ ಭಾವ ನನ್ನನ್ನ ಸಣ್ಣ ಪೋಪ್ ಅಂತ ಕರೀತಾನೆ.

ಹಾಗಂತ ಎಲ್ಲಾ ಸುಳ್ಳನ್ನೂ ಒಂದೇ ತಕ್ಕಡಿಗೆ ಹಾಕೋದೂ ತಪ್ಪು. ಮಧ್ಯಾಹ್ನ ಯಾರ ಮನೆಗಾದ್ರೂ ಹೋದಾಗ "ಊಟ ಆಯ್ತಾ" ಅಂದ್ರೆ ಹೊಟ್ಟೆ ಚುರುಗುಡ್ತಿದ್ರೂ "ಆಯ್ತು" ಅಂತೀವಿ, ಒಳಗಿಂದ ಬಂಗಡೆ ಹುರಿಯೋ ವಾಸನೆ ಬಂದ್ರಂತೂ ಇದು ನಿಜವಾದ ತ್ಯಾಗ. ಚರ್ಚಿನ ದೊಡ್ಡ ಪಂಡಿತ ಸಂತ ಥಾಮಸ್ ಅಕ್ವಿನಾಸ್ ಸುಳ್ಳನ್ನ ಮೂರು ಥರ ವಿಂಗಡಿಸಿದಾರೆ, ತಮಾಷೆಗೆ ಹೇಳೋದು, ಉಪಕಾರಕ್ಕೆ ಹೇಳೋದು, ಕೇಡಿಗೆ ಹೇಳೋದು. ಮೂರೂ ಪಾಪನೇ, ಆದ್ರೆ ತೂಕ ಬೇರೆ ಬೇರೆ. ಅವ್ರಿಗಿಂತ ಎಷ್ಟೋ ಹಿಂದಿನ ಬಿಷಪ್ ಸಂತ ಅಗಸ್ಟೀನರು ಇನ್ನೂ ಕಟ್ಟುನಿಟ್ಟು, ಸುಳ್ಳಿನ ಬಗ್ಗೆನೇ ಎರಡು ಪುಸ್ತಕ ಬರೆದ ಮನುಷ್ಯ. ಅದರಲ್ಲಿ ಉತ್ತರ ಆಫ್ರಿಕಾದ ತಮ್ಮ ಊರು ತಗಾಸ್ತೆಯಲ್ಲಿ ಹಿಂದೆ ಬಿಷಪ್ ಆಗಿದ್ದ ಫಿರ್ಮುಸ್ ಅನ್ನೋವ್ರ ಕಥೆ ಹೇಳ್ತಾರೆ. ಆಶ್ರಯ ಕೇಳಿ ಬಂದವನನ್ನ ಬಚ್ಚಿಟ್ಟಿದ್ರು, ಚಕ್ರವರ್ತಿಯ ಕಡೆಯವ್ರು ಬಂದು ಎಲ್ಲಿದಾನೆ ಅಂದಾಗ, ಸುಳ್ಳೂ ಹೇಳಲ್ಲ, ಹಿಡಿದೂ ಕೊಡಲ್ಲ ಅಂದ್ರು. ಚಿತ್ರಹಿಂಸೆ ಕೊಟ್ರೂ ಅದೇ ಮಾತು. ಕೊನೆಗೆ ಚಕ್ರವರ್ತಿನೇ ಮೆಚ್ಚಿ ಆ ಆಶ್ರಯ ಕೇಳಿ ಬಂದವನನ್ನೂ ಕ್ಷಮಿಸಿದನಂತೆ. ಸತ್ಯ ತಿಳಿಯೋ ಹಕ್ಕಿಲ್ಲದವ್ರಿಗೆ ಅದನ್ನ ಹೇಳ್ಬೇಕು ಅಂತ ಯಾವ ಕಟ್ಟೂ ಇಲ್ಲ ಅಂತ ಕ್ಯಾಟೆಕಿಸಂ 2489ರಲ್ಲೂ ಇದೆ. ನನ್ನ ಮಗಳ ಸಂಬಳ ಎಷ್ಟು ಅಂತ ಪ್ರತಿ ಭಾನುವಾರ ಇಗರ್ಜಿ (ಚರ್ಚು) ಅಂಗಳದಲ್ಲಿ ಕೇಳೋರಿಗೆ ಈ ಪ್ಯಾರಾ ಪ್ರಿಂಟ್ ತೆಗೆದು ಕೊಡೋಣ ಅನ್ಸತ್ತೆ.

ಆ ಅಂಗಳದ ಮಾತೇ ಎಲ್ಲಕ್ಕಿಂತ ಕಷ್ಟ. ಅಲ್ಲಿ ಸುಳ್ಳು ಹೇಳೋರು ಕಮ್ಮಿ, ನಿಜಾನೇ ಹೇಳ್ತಾರೆ, ಬೇಡದವ್ರಿಗೆಲ್ಲ ಹೇಳ್ತಾರೆ. ಇನ್ನೊಬ್ರ ನಿಜವಾದ ತಪ್ಪನ್ನೇ ಆದ್ರೂ ಕಾರಣ ಇಲ್ಲದೆ ಗೊತ್ತಿಲ್ಲದವ್ರಿಗೆ ದಾಟಿಸೋದು ಕೂಡ ಎಂಟನೇ ಕಟ್ಟಳೆಗೇ ವಿರುದ್ಧ, ಇದನ್ನ ಕೇಳಿದ್ರೆ ನಮ್ಮವ್ರು ಬೆಚ್ಚಿ ಬೀಳ್ತಾರೆ. "ನಾನೇನು ಸುಳ್ಳು ಹೇಳಿದ್ನಾ?" ಅನ್ನೋದೇ ಅವ್ರ ವಾದ. 2020ರ ಸೆಪ್ಟೆಂಬರಲ್ಲಿ, ಕೋವಿಡ್ ನಡೀತಿದ್ದಾಗಲೇ, ಪೋಪ್ ಫ್ರಾನ್ಸಿಸ್ ಈ ಹರಟೆ ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದಿದ್ರು. ಐನೂರು ರೂಪಾಯಿ ಆದ್ರೆ ಕವರಲ್ಲಿ ಹಾಕಿ ವಾಪಸ್ ಕೊಡಬಹುದು, ಹೋದ ಹೆಸರನ್ನ ಯಾವ ಕವರಲ್ಲಿ ಹಾಕ್ತೀರಿ, ಹತ್ತು ಮನೇಲಿ ಹೇಳಿದ್ದನ್ನ ಸರಿ ಮಾಡೋಕೆ ಹತ್ತು ಮನೆಗೆ ಯಾರು ಹೋಗ್ತಾರೆ.

ಆದ್ರೆ ಹೇಳಲೇಬೇಕಾದ ಜಾಗನೂ ಇರತ್ತೆ, ಮದುವೆ ವಿಚಾರಣೆ. ನಮ್ಮ ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ) 1976ರಲ್ಲಿ ಬೆಳಗಾವಿಯಿಂದ ಬೇರೆ ಆಗಿದ್ದು, ಜಿಲ್ಲೆ ಪೂರ್ತಿ ಸೇರಿದ್ರೂ ಜನ ಅಷ್ಟಿಲ್ಲ, ಹೊನ್ನಾವರದವ್ರಿಗೋ ಶಿರಸಿಯವ್ರಿಗೋ ಇಲ್ಲಿಯ ಒಬ್ಬ ಹುಡುಗನ ಬಗ್ಗೆ ತಿಳ್ಕೊಳ್ಳೋಕೆ ಒಂದು ಫೋನ್ ಸಾಕು. ಆ ಫೋನು ಅಂಗಡಿಲಿ ಕೂತಿರೋನಿಗೇ ಬರತ್ತೆ. "ಹುಡುಗ ಹೆಂಗೆ? ಕುಡೀತಾನಂತಾ?" ಮಗಳನ್ನ ಕೊಡೋರಿಗೆ ಇದನ್ನ ತಿಳಿಯೋ ಹಕ್ಕಿದೆ. ಹುಡುಗ ಒಳ್ಳೇವ್ನು ಅಂತ ತೇಲಿಸಿಬಿಟ್ರೆ ನಾಳೆ ಆ ಹುಡುಗಿ ಅದಕ್ಕೆ ಬೆಲೆ ಕೊಡ್ಬೇಕು, ಊರಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ಹೇಳಿದ್ರೆ ಹುಡುಗ ಕೊಡ್ಬೇಕು. ಅದಕ್ಕೆ ನಾನು ಕಣ್ಣಾರೆ ನೋಡಿದ್ದನ್ನ ಮಾತ್ರ ಹೇಳ್ತೀನಿ. ಮೊನ್ನೆನೂ ಹಾಗೇ, ಹಡಗಲ್ಲಿ ಕೆಲಸ ಮಾಡೋ ಒಬ್ಬನ ಬಗ್ಗೆ ಕೇಳಿದ್ರು, ರಜೆಗೆ ಬಂದಾಗ ಅಂಗಡಿಗೆ ಬರ್ತಾನೆ, ಸಾಲ ಇಟ್ಟಿಲ್ಲ, ಕುಡಿದಿದ್ದು ನಾನು ನೋಡಿಲ್ಲ, ತಾಯಿ ಜೊತೆ ಇಗರ್ಜಿ ಪೂಜೆಗೆ ಬರ್ತಾನೆ, ಇಷ್ಟು ಹೇಳಿದೆ. "ಮತ್ತೆ ಜನ ಏನಂತಾರೆ?" ಅಂದ್ರು. ಜನ ಅನ್ನೋದನ್ನ ಜನರ ಹತ್ರನೇ ಕೇಳಿ, ಅದಕ್ಕಿಂತ ಹುಡುಗನ ಹತ್ರನೇ ಕೂತು ಕೇಳಿ ಅಂತ ಅವನ ಮನೆ ನಂಬರ್ ಕೊಟ್ಟೆ. ಆ ಕಡೆಯವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಏನೋ ಮುಚ್ಚಿಡ್ತಿದೀರಿ ಅನ್ಸತ್ತೆ" ಅಂತ ಫೋನ್ ಇಟ್ಟೇಬಿಟ್ರು.