ಕಾಫಿ ಹೂವಿನ ಸೀಸನ್ನಲ್ಲಿ ಒಂದು ಸಣ್ಣ ಜೀರುಂಡೆ
ಹೂಮಳೆ ಬಿದ್ದಿದ್ದೇ ತಡ, ಮೂಡಿಗೆರೆ ಕಡೆಯ ಎಲ್ಲರ ಫೋನಿನಲ್ಲೂ ಬಿಳಿ ತೋಟದ ಫೋಟೋ. ನನಗೆ ಮಾತ್ರ ಬೇಲಿ ಸಾಲಿನ ಕಾಡುಹೂಗಳ ಮೇಲೇ ಕಣ್ಣು. ಮೆಲಿರಿಡೇ ಅಂತ ಜೀರುಂಡೆಗಳ ಒಂದು ಕುಟುಂಬ ಇದೆ. ತೀರಾ ಚಿಕ್ಕವು, ರೆಕ್ಕೆಯ ಮುಚ್ಚಳ ಮೆತ್ತಗೆ, ಪರಾಗ ತಿನ್ನುತ್ತಾ ಹೂವಿನಲ್ಲೇ ಇರುತ್ತವೆ. ಕೆಲವನ್ನು ಕೆಣಕಿದರೆ ಮೈಯ ಪಕ್ಕದಿಂದ ಕೆಂಪು ಚೀಲಗಳು ಉಬ್ಬಿಕೊಂಡು ಹೊರಗೆ ಬರುತ್ತವೆ!

ಇವುಗಳದೇ ಬಳಗದ ಕೊರೆಸಿನೆ ಅನ್ನುವ ಜೀರುಂಡೆ ಪಪುವಾ ನ್ಯೂಗಿನಿಯಲ್ಲಿದೆ. ಅದರ ಮೈಯಲ್ಲಿ ಬ್ಯಾಟ್ರಾಕೊಟಾಕ್ಸಿನ್ ಎಂಬ ಭಯಂಕರ ವಿಷ ಇದೆ ಅಂತ 2004ರಲ್ಲಿ ಗೊತ್ತಾಯಿತು. ಕೊಲಂಬಿಯಾದ ವಿಷಗಪ್ಪೆಗಳಲ್ಲಿ ಇರುವುದೂ ಇದೇ ವಿಷ. ನ್ಯೂಗಿನಿಯ ಪಿಟೋಹುಯಿ ಹಕ್ಕಿಯ ಚರ್ಮ, ಗರಿಗಳಲ್ಲೂ ಅದೇ ಸಿಕ್ಕಿತ್ತು, ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡವರಿಗೆ ಈ ಜೀರುಂಡೆಯ ಸುಳಿವು ಕೊಟ್ಟವರು ಅಲ್ಲಿನ ಹಳ್ಳಿಯ ಜನ, ಹಕ್ಕಿಯ ಹೊಟ್ಟೆಯಲ್ಲೂ ಈ ಜೀರುಂಡೆ ಸಿಕ್ಕಿತು.

ನಮ್ಮಲ್ಲಿ ಬಿಳಿ ಕಾಂಡಕೊರಕ ಅಂದರೆ ತೋಟದವರೆಲ್ಲ ಬೆಚ್ಚುತ್ತಾರೆ. ಅದೂ ಜೀರುಂಡೆಯೇ, ಆದರೆ ಅರೇಬಿಕಾ ಗಿಡ ಹಾಳು ಮಾಡುತ್ತೆ ಅಲ್ವಾ, ಅದಕ್ಕೇ ಅಷ್ಟು ಹೆಸರು. ಸುಮ್ನೆ ಹೂವಿನ ಮೇಲೆ ಕೂತವನ್ನು ಕೇಳುವವರು ಕಡಿಮೆ. ನಿಮ್ಮ ತೋಟದಲ್ಲಿ ಕಂಡರೆ ಫೋಟೋ ಹಾಕಿ, ಮುಟ್ಟಿದ ಕೈ ಮಾತ್ರ ಬಾಯಿಗೆ ಬೇಡ ಮಾರಾಯ್ರೆ.