ಅಮ್ಮನ ಕಣ್ಣಿನೊಳಗಿನ ಕೊಳವೆ

ಅಮ್ಮನ ಬಲಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿದರೆ, ಕರಿಗುಡ್ಡೆಯ ಅಂಚಿನಲ್ಲಿ ದಪ್ಪ ದಾರದಂಥ ಕೊಳವೆಯ ತುದಿ ಕಾಣುತ್ತದೆ. ಕಣ್ಣೊಳಗಿನ ದ್ರವವನ್ನು ಹರಿಸಿ ಒತ್ತಡ ಇಳಿಸಲು, ಮದುರೈನ ಅರೋಲ್ಯಾಬ್ ಸಂಸ್ಥೆ ತಯಾರಿಸಿದ ಸಾಧನ ಅದು. ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ರೋಗಕ್ಕೆ ಮಾಡಿದ ಮೊದಲ ಶಸ್ತ್ರಚಿಕಿತ್ಸೆ ಕೈಕೊಟ್ಟ ಮೇಲೆ, ಆರು ವರ್ಷಗಳ ಹಿಂದೆ ಕೂರಿಸಿದರು. ಹರಿವನ್ನು ತಡೆಯುವ ಕವಾಟ ಅದಕ್ಕಿಲ್ಲ; ಆದ್ದರಿಂದ ದ್ರವ ಒಮ್ಮೆಲೇ ಹರಿದುಹೋಗದಂತೆ ಆರಂಭದಲ್ಲಿ ಕರಗುವ ದಾರದಿಂದ ಬಿಗಿದಿರುತ್ತಾರೆ. ದಾರ ಕರಗುವವರೆಗಿನ ಆ ಐದಾರು ವಾರ ನಮಗೆ ನಿದ್ದೆಯಿರಲಿಲ್ಲ.

ಪಾದರಸದ 38 ಮಿ.ಮೀ. ಇದ್ದ ಕಣ್ಣಿನ ಒತ್ತಡ ಈಗ 14. ಆದರೂ ರಾತ್ರಿಯ ಹನಿ ತಪ್ಪಿಲ್ಲ. ಕೊಳವೆ ಕೂರಿಸಿದರೂ ಹನಿ ಬೇಕಾಗಬಹುದು, ಕೊಳವೆ ಕೈಕೊಡಲೂಬಹುದು ಎಂದು ಯಾರೂ ಮೊದಲೇ ಬಿಡಿಸಿ ಹೇಳಲಿಲ್ಲವೆಂಬ ನೋವು ನನಗಿದೆ. ಇಂಥವೇ ಕೊಳವೆಗಳಾದ ಅಹ್ಮದ್ (ಕವಾಟವಿರುವುದು) ಮತ್ತು ಬೇರ್ವೆಲ್ಟ್ (ಕವಾಟವಿಲ್ಲದ್ದು) ಸಾಧನಗಳನ್ನು ಹೋಲಿಸಿದ ಎಬಿಸಿ ಎಂಬ ಅಧ್ಯಯನದಲ್ಲಿ, 5 ವರ್ಷಗಳಲ್ಲಿ ವಿಫಲವಾದ ಪ್ರಮಾಣ ಕ್ರಮವಾಗಿ ಶೇ 44.7 ಮತ್ತು ಶೇ 39.4. ರೋಗಿಯ ಮನೆಯವರಿಗೆ ಇದು ತಿಳಿದಿರಲೇಬೇಕು.

ಹೋದ ದೃಷ್ಟಿ ಮರಳಿಲ್ಲ. ಉಳಿದಷ್ಟರಲ್ಲೇ ಅಮ್ಮ, ಮೊರವನ್ನು ಕಿಟಕಿಯ ಬೆಳಕಿಗೆ ಒಡ್ಡಿಕೊಂಡು, ಅಕ್ಕಿಯ ಕಲ್ಲು ಆರಿಸುತ್ತಾಳೆ.